ಒತ್ತಿದ ಲಿಂಕ್ ಯಾರ ಪಾಲಿಗೆ?

ಅಡಿಕೆ ಧಾರಣೆಯ ಪಟ್ಟಿ ಒಂದೇ, ಅದರ ವಿಳಾಸವೂ ಒಂದೇ. ಶಿರಸಿ ಪೇಟೆಯ ಅಂಗಡಿಯ ಕಂಪ್ಯೂಟರಿನಲ್ಲಿ ಅದು ಬ್ರೌಸರಿನ ಒಳಗೇ ತೆರೆದುಕೊಳ್ಳುತ್ತದೆ. ಸಿದ್ದಾಪುರದ ತೋಟದ ಮನೆಯ ಲ್ಯಾಪ್‌ಟಾಪಿನಲ್ಲಿ ಸದ್ದಿಲ್ಲದೆ ಡೌನ್‌ಲೋಡ್ ಫೋಲ್ಡರಿಗೆ ಹೋಗಿ ಕೂರುತ್ತದೆ. ಮೊಬೈಲಿನಲ್ಲಿ ಒತ್ತಿದರೆ ‘ಯಾವುದರಲ್ಲಿ ತೆರೆಯಲಿ’ ಎಂದು ನಾಲ್ಕಾರು ಆ್ಯಪ್‌ಗಳು ಸಾಲಾಗಿ ನಿಲ್ಲುತ್ತವೆ. ಇಂಥ ದೂರು ಹೊತ್ತು ಬರುವವರು ರೋಗದ ಹೆಸರನ್ನೂ ತಾವೇ ಹೇಳಿಬಿಡುತ್ತಾರೆ: ‘ವೈರಸ್ ಹೊಕ್ಕಿದೆ.’ ಸಂಘ, ಶಾಲೆ, ಹೋಂಸ್ಟೇಗಳ ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಹೆಚ್ಚಿನ ಸಲ ಅಲ್ಲಿ ವೈರಸ್ಸಿನ ಸುಳಿವೂ ಸಿಗುವುದಿಲ್ಲ. ಒತ್ತಿದ ಲಿಂಕ್ ಯಾರ ಕೈ ಸೇರಬೇಕೆಂಬುದು ಮೂರು ಕಡೆ ತೀರ್ಮಾನವಾಗುತ್ತದೆ: ವಿಳಾಸದ ಮೊದಲ ಪದದಲ್ಲಿ, ಫೈಲನ್ನು ಕಳಿಸುವ ಆಚೆ ಬದಿಯ ಕಂಪ್ಯೂಟರಾದ ಸರ್ವರಿನಲ್ಲಿ, ಮತ್ತು ನಾವೇ ಎಂದೋ ಮಾಡಿ ಮರೆತ ಆಯ್ಕೆಯಲ್ಲಿ. ಎಲ್ಲಿ ತಪ್ಪಿತು ಎಂದು ನೋಡದೆ ಬ್ರೌಸರನ್ನೇ ತೆಗೆದು ಮತ್ತೆ ಹಾಕಿದರೆ ಸಮಯ ಹಾಳು.

ಮೊದಲ ಪದ ಸುಲಭ. ವಿಳಾಸದಲ್ಲಿ ಕೋಲನ್ ಚಿಹ್ನೆಗಿಂತ ಮುಂಚೆ ಇರುವ ‘ಎಚ್‌ಟಿಟಿಪಿಎಸ್’ ಎಂಬುದು ಬ್ರೌಸರಿನ ಸ್ವಂತ ಕೆಲಸ. ಅಲ್ಲಿ ‘ಮೇಲ್‌ಟು’, ‘ಟೆಲ್’, ‘ಯುಪಿಐ’ ಎಂದಿದ್ದರೆ ಬ್ರೌಸರ್ ಅದನ್ನು ವಿಂಡೋಸ್‌ಗೋ ಆ್ಯಂಡ್ರಾಯ್ಡ್‌ಗೋ ದಾಟಿಸುತ್ತದೆ. ಆ ಪದಕ್ಕೆ ತಾನು ಹೊಣೆ ಎಂದು ನೋಂದಾಯಿಸಿಕೊಂಡ ಆ್ಯಪ್ ಎದ್ದು ಬರುತ್ತದೆ. ಗೋಕರ್ಣದ ಹೋಂಸ್ಟೇ ಪುಟದಲ್ಲಿ ಇಮೇಲ್ ವಿಳಾಸವನ್ನು ಒತ್ತಿದ ಅತಿಥಿಗೆ ಎಂದೂ ಬಳಸದ ಮೇಲ್ ಪ್ರೋಗ್ರಾಂ ‘ಖಾತೆ ಸೇರಿಸಿ’ ಎಂದು ಕಾಡುವುದು ಇದರಿಂದಲೇ. ಯುಪಿಐ ಪಾವತಿಯ ಗುಂಡಿ ಫೋನಿನಲ್ಲಿ ಸರಾಗ. ಅದೇ ಗುಂಡಿಯನ್ನು ಮೇಜಿನ ಕಂಪ್ಯೂಟರಿನಲ್ಲಿ ಒತ್ತಿದರೆ ಒಂದೋ ಏನೂ ಆಗುವುದಿಲ್ಲ, ಇಲ್ಲವೇ ಈ ವಿಳಾಸ ಅರ್ಥವಾಗಲಿಲ್ಲ ಎಂಬ ಪುಟ ಬರುತ್ತದೆ. ಆ ಯಂತ್ರದಲ್ಲಿ ಯುಪಿಐಗೆ ವಾರಸುದಾರರೇ ಇಲ್ಲ. ಅಂಥ ಪುಟಗಳಲ್ಲಿ ಗುಂಡಿಯ ಪಕ್ಕಕ್ಕೆ ಕ್ಯೂಆರ್ ಚಿತ್ರವನ್ನೂ ಇಡಿ ಎಂದು ನಾನು ಪಟ್ಟು ಹಿಡಿಯುತ್ತೇನೆ. ಸಾಮಾಜಿಕ ಜಾಲತಾಣದ ಆ್ಯಪ್ ಒಳಗೇ ಪುಟ ತೆರೆದುಕೊಂಡಾಗ ಫೋನಿನಲ್ಲೂ ಈ ಗುಂಡಿ ಕೈಕೊಡುವುದುಂಟು. ಅಲ್ಲಿರುವುದು ಪೂರ್ಣ ಬ್ರೌಸರ್ ಅಲ್ಲ. ಬೇರೆ ಬಗೆಯ ವಿಳಾಸಗಳನ್ನು ದಾಟಿಸುವ ವ್ಯವಸ್ಥೆಯನ್ನು ಆ ಆ್ಯಪ್ ಮಾಡಿದವರೇ ಬರೆದಿರಬೇಕು.

ನಿಜವಾದ ಗೋಜಲು ಇರುವುದು ಸರ್ವರಿನಲ್ಲಿ. ವಿಳಾಸದ ಕೊನೆಗೆ ‘ಡಾಟ್ ಪಿಡಿಎಫ್’ ಎಂದಿದ್ದರೆ ಬ್ರೌಸರ್ ಅದನ್ನು ನೋಡಿಯೇ ಪಿಡಿಎಫ್ ಎಂದು ತಿಳಿಯುತ್ತದೆ ಎಂಬುದು ಎಲ್ಲರ ಊಹೆ. ಬ್ರೌಸರ್ ಆ ಬಾಲವನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಫೈಲಿಗೆ ಮುಂಚೆ ಸರ್ವರ್ ಕೆಲವು ಸಾಲುಗಳನ್ನು ಕಳಿಸುತ್ತದೆ. ಅದರಲ್ಲಿ ‘ಕಂಟೆಂಟ್ ಟೈಪ್’ ಎಂಬ ಸಾಲಿನಲ್ಲಿ ಬರುತ್ತಿರುವುದು ಪುಟವೋ ಚಿತ್ರವೋ ಪಿಡಿಎಫೋ ಎಂಬ ಘೋಷಣೆ ಇರುತ್ತದೆ. 1992ರಲ್ಲಿ ಇಮೇಲ್ ಲಗತ್ತುಗಳಿಗಾಗಿ ರೂಪಿಸಿದ ‘ಮೈಮ್’ ಪದ್ಧತಿಯನ್ನೇ ವೆಬ್ ಎರವಲು ಪಡೆಯಿತು. ‘ಕಂಟೆಂಟ್ ಡಿಸ್ಪೊಸಿಷನ್’ ಎಂಬ ಇನ್ನೊಂದು ಸಾಲಿನಲ್ಲಿ ‘ಅಟ್ಯಾಚ್‌ಮೆಂಟ್’ ಎಂದಿದ್ದರೆ ತೋರಿಸಬೇಡ, ಇಳಿಸಿಕೋ ಎಂದು ಅಪ್ಪಣೆ. ಏನೆಂದು ಹೇಳಲು ಬಾರದ ಸರ್ವರ್ ‘ಆಕ್ಟೆಟ್ ಸ್ಟ್ರೀಮ್’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಬರೀ ಬೈಟುಗಳ ಸಾಲು ಎಂದಷ್ಟೇ ಅದರ ಭಾವ. ಬ್ರೌಸರ್ ಅಂಥದ್ದನ್ನು ತೆರೆಯದೆ ಡೌನ್‌ಲೋಡಿಗೆ ಹಾಕುತ್ತದೆ.

ಒಂದು ಸಂಘದ ತಾಣದಲ್ಲಿ ದಿನದ ಧಾರಣೆಯ ಪಟ್ಟಿ ಹೀಗೇ ಆಕ್ಟೆಟ್ ಸ್ಟ್ರೀಮ್ ಆಗಿ ಹೊರಡುತ್ತಿತ್ತು. ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿ, “ತಮ್ಮಾ, ಹೋದ ವಾರದ ದರವನ್ನೇ ತೋರಿಸುತ್ತಿದೆಯಲ್ಲೋ” ಎಂದರು. ಅವರ ಫೋನಿನಲ್ಲಿ ‘ಧಾರಣೆ’, ‘ಧಾರಣೆ (1)’, ‘ಧಾರಣೆ (2)’ ಎಂದು ಪ್ರತಿಗಳು ರಾಶಿಬಿದ್ದಿದ್ದವು. ಒತ್ತಿದಾಗಲೆಲ್ಲ ಹೊಸದೊಂದು ಇಳಿಯುತ್ತಿತ್ತು, ಅವರು ಮಾತ್ರ ಫೋಲ್ಡರಿಗೆ ಹೋಗಿ ಅಂಕಿ ಇಲ್ಲದ ಹಳೆಯ ಹೆಸರನ್ನೇ ತೆರೆಯುತ್ತಿದ್ದರು. ಸರ್ವರಿನ ಸಂರಚನೆಯಲ್ಲಿ ಒಂದು ಸಾಲು ತಿದ್ದಿದ ಮೇಲೆ ಪಟ್ಟಿ ನೇರವಾಗಿ ಪರದೆಯ ಮೇಲೆ ಬರತೊಡಗಿತು. ನನ್ನ ಮಟ್ಟಿಗೆ ಇದು ನಿಯಮ: ದಿನವೂ ಬದಲಾಗುವ ಮಾಹಿತಿಯನ್ನು ಬ್ರೌಸರಿನಲ್ಲೇ ತೋರಿಸಬೇಕು, ಇಟ್ಟುಕೊಳ್ಳಬೇಕಾದ ಅರ್ಜಿ ನಮೂನೆಯನ್ನಷ್ಟೇ ಇಳಿಸಬೇಕು.

ಸರ್ವರ್ ಏನೂ ಹೇಳದಿದ್ದರೆ? ಚೀಲದ ಮೇಲೆ ಚೀಟಿ ಇಲ್ಲದಿದ್ದಾಗ ವ್ಯಾಪಾರಿ ಒಳಗೆ ಕೈಹಾಕಿ ಒಂದು ಹಿಡಿ ತೆಗೆದು, ಇದು ಯಾವ ಬಗೆಯ ಅಡಿಕೆ, ರಾಶಿಯೋ ಚಾಲಿಯೋ ಬೆಟ್ಟೆಯೋ ಎಂದು ನೋಡುತ್ತಾನಲ್ಲ, ಬ್ರೌಸರ್ ಕೂಡ ಫೈಲಿನ ಮೊದಲ ತುಣುಕನ್ನು ಹಾಗೆಯೇ ಪರೀಕ್ಷಿಸುತ್ತದೆ. ಈಗಿನ ಮಾನದಂಡದಲ್ಲಿ ಆ ಹಿಡಿಯ ಅಳತೆ 1445 ಬೈಟ್. ಶೇಕಡಾ ಚಿಹ್ನೆಯಾದ ಕೂಡಲೇ ‘ಪಿಡಿಎಫ್’ ಎಂಬ ಅಕ್ಷರಗಳಿದ್ದರೆ ಪಿಡಿಎಫ್. ‘ಪಿಕೆ’ ಎಂಬ ಎರಡು ಅಕ್ಷರಗಳಿಂದ ಶುರುವಾದರೆ ಹಲವು ಫೈಲುಗಳನ್ನು ಒಂದಾಗಿ ಕಟ್ಟಿಟ್ಟ ಜಿಪ್. ವರ್ಡ್‌ನ ‘ಡಾಕ್ಸ್’, ಎಕ್ಸೆಲ್‌ನ ‘ಎಕ್ಸ್‌ಎಲ್‌ಎಸ್‌ಎಕ್ಸ್’ ಎರಡೂ ಒಳಗೆ ಜಿಪ್‌ಗಳೇ. ಸರಿಯಾದ ಘೋಷಣೆ ಇಲ್ಲದೆ ಬಂದ ವರ್ಡ್ ಫೈಲ್ ಜಿಪ್ ಎಂಬ ಹೆಸರಿನಲ್ಲಿ ಕೂತರೆ ಗಾಬರಿ ಬೇಡ. ಹೆಸರಿನ ಬಾಲ ತಿದ್ದಿದರೆ ತೆರೆಯುತ್ತದೆ. ಹಿಂದಿನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಈ ಕೈಹಾಕುವ ಚಟ ಅತಿಯಾಗಿತ್ತು. ಸಾದಾ ಪಠ್ಯ ಎಂದು ಸರ್ವರ್ ಸ್ಪಷ್ಟವಾಗಿ ಹೇಳಿದ್ದನ್ನೂ ಪುಟವೆಂದು ಬಗೆದು ಅದರೊಳಗಿನ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಓಡಿಸಿಬಿಡುತ್ತಿತ್ತು. ಕಳ್ಳರಿಗೆ ಇಷ್ಟು ಸಾಕಿತ್ತು. ಕೊನೆಗೆ 2009ರ ಎಂಟನೇ ಆವೃತ್ತಿಯಲ್ಲಿ ‘ನೋಸ್ನಿಫ್’ ಎಂಬ, ಕೈಹಾಕಿ ನೋಡಬೇಡ ಎನ್ನುವ ಸರ್ವರಿನ ಸೂಚನೆಗೆ ಬೆಲೆ ಕೊಡತೊಡಗಿತು. ಈಗ ಎಲ್ಲ ಪ್ರಮುಖ ಬ್ರೌಸರುಗಳೂ ಅದನ್ನು ಪಾಲಿಸುತ್ತವೆ.

ಬಗೆ ಗೊತ್ತಾದ ಮೇಲೆ ಯಾವ ಬಗೆಯನ್ನು ಏನು ಮಾಡಬೇಕೆಂಬ ತನ್ನ ಪಟ್ಟಿಯನ್ನು ಬ್ರೌಸರ್ ನೋಡುತ್ತದೆ. ಹಿಂದೆ ಪಿಡಿಎಫ್‌ಗೊಂದು, ವಿಡಿಯೊಗೊಂದು ಪ್ಲಗಿನ್ ಎಂಬ ಪೂರಕ ಪ್ರೋಗ್ರಾಂ ಸಿಕ್ಕಿಸಬೇಕಿತ್ತು. 2013ರಲ್ಲಿ ಫೈರ್‌ಫಾಕ್ಸ್ 19 ಪಿಡಿಎಫ್ ಓದುವುದನ್ನು ತಾನೇ ಕಲಿಯಿತು, ಕ್ರೋಮ್ 2015ರಲ್ಲಿ ಹಳೆಯ ಪ್ಲಗಿನ್‌ಗಳನ್ನು ಹೊರಗಟ್ಟಿತು, 2020ರ ಕೊನೆಗೆ ವಿಡಿಯೊ, ಆಟಗಳ ಪ್ಲಗಿನ್ ಆಗಿದ್ದ ಫ್ಲ್ಯಾಶ್ ಕೂಡ ಮುಗಿಯಿತು. ಉಳಿದಿರುವುದು ನಮ್ಮ ಆಯ್ಕೆಗಳು. ‘ಈ ಬಗೆಯ ಫೈಲನ್ನು ಯಾವಾಗಲೂ ಹೀಗೇ ತೆರೆ’ ಎಂಬ ಚೌಕಕ್ಕೆ ಅವಸರದಲ್ಲಿ ಗುರುತು ಹಾಕಿದವರೇ ಆರು ತಿಂಗಳ ಮೇಲೆ ವೈರಸ್ಸನ್ನು ಶಂಕಿಸುತ್ತಾರೆ. ಫೈರ್‌ಫಾಕ್ಸ್ ಈ ಆಯ್ಕೆಗಳನ್ನು ‘ಹ್ಯಾಂಡ್ಲರ್ಸ್ ಡಾಟ್ ಜೇಸನ್’ ಎಂಬ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಂದೊಂದಾಗಿ ತಿದ್ದಬಹುದು. ಪೂರ್ತಿ ಗೊಂದಲವಾಗಿದ್ದರೆ ಬ್ರೌಸರ್ ಮುಚ್ಚಿ ಆ ಫೈಲನ್ನೇ ಅಳಿಸುತ್ತೇನೆ, ಮೂಲಸ್ಥಿತಿಗೆ ಬರುತ್ತದೆ. ಎಲ್ಲ ತಪ್ಪೂ ಬಳಸುವವರದೇ ಎನ್ನುವಂತಿಲ್ಲ. 2022ರ ಮಾರ್ಚಿನಲ್ಲಿ ಬಂದ ಫೈರ್‌ಫಾಕ್ಸ್ 98, ಅದುವರೆಗೆ ತೆರೆಯಲೋ ಉಳಿಸಲೋ ಎಂದು ಕೇಳುತ್ತಿದ್ದುದನ್ನು ನಿಲ್ಲಿಸಿ ನೇರವಾಗಿ ಉಳಿಸತೊಡಗಿತು. ಕೇಳುವ ಬ್ರೌಸರೇ ನನಗೆ ಇಷ್ಟ. ಆ ಹಳೆಯ ನಡವಳಿಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಮರಳಿ ಪಡೆಯಬಹುದು.

ಫೈಲ್ ಡಿಸ್ಕಿಗೆ ಇಳಿದ ಕ್ಷಣಕ್ಕೆ ನಿಯಮವೇ ಬದಲಾಗುತ್ತದೆ. ಬ್ರೌಸರ್ ಕಡೆಗಣಿಸಿದ್ದ ಬಾಲವೇ ವಿಂಡೋಸ್‌ನಲ್ಲಿ ಯಜಮಾನ: ಯಾವ ಪ್ರೋಗ್ರಾಂ ತೆರೆಯಬೇಕೆಂದು ಅದೇ ಹೇಳುತ್ತದೆ. ಆದರೆ ವಿಂಡೋಸ್ ಪರಿಚಿತ ಬಾಲಗಳನ್ನು ತಾನಾಗಿ ಅಡಗಿಸಿ ತೋರಿಸುತ್ತದೆ. ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬ ದುಷ್ಟ ಫೈಲ್ (ಕೊನೆಯ ಬಾಲ ಅದೊಂದು ಪ್ರೋಗ್ರಾಂ ಎಂದು ಹೇಳುತ್ತದೆ) ‘ಬಿಲ್ ಡಾಟ್ ಪಿಡಿಎಫ್’ ಆಗಿ ಕಾಣುವುದು ಹೀಗೆ. ಆದ್ದರಿಂದ ಹೊಸ ಯಂತ್ರ ಕೈಗೆ ಬಂದರೆ ನಾನು ಮೊದಲು ಬಾಲ ಕಾಣುವಂತೆ ಮಾಡುತ್ತೇನೆ. ಫೋನಿನಲ್ಲಿ ಇದೇ ಆಟ ಎಪಿಕೆ, ಅಂದರೆ ಆ್ಯಂಡ್ರಾಯ್ಡ್ ಆ್ಯಪ್ ಸ್ಥಾಪಿಸುವ ಫೈಲಿನ ಮೂಲಕ ನಡೆಯುತ್ತದೆ. ಮದುವೆಯ ಕರೆಯೋಲೆ, ಸಂಚಾರ ದಂಡದ ಚೀಟಿ ಎಂಬ ಹೆಸರು ಹೊತ್ತು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆಯನ್ನು ಒತ್ತಿದರೆ ಅದು ಹೋಗುವುದು ಓದುವ ಆ್ಯಪ್‌ಗಲ್ಲ, ಆ್ಯಪ್‌ಗಳನ್ನು ಸ್ಥಾಪಿಸುವ ವ್ಯವಸ್ಥೆಗೆ. 2017ರ ಆ್ಯಂಡ್ರಾಯ್ಡ್ 8ರಿಂದ ಹೊರಗಿನ ಆ್ಯಪ್ ಸ್ಥಾಪಿಸುವ ಅನುಮತಿಯನ್ನು ಒಂದೊಂದು ಆ್ಯಪ್‌ಗೂ ಪ್ರತ್ಯೇಕವಾಗಿ ಕೊಡಬೇಕು. ವಾಟ್ಸ್‌ಆ್ಯಪ್‌ಗೆ ಒಮ್ಮೆ ಕೊಟ್ಟಿದ್ದರೆ ನಾವೇ ಹೋಗಿ ಮುಚ್ಚುವವರೆಗೆ ಆ ಬಾಗಿಲು ತೆರೆದೇ ಇರುತ್ತದೆ. ಸೆಟ್ಟಿಂಗ್ಸ್‌ನ ಹುಡುಕುಪಟ್ಟಿಯಲ್ಲಿ ‘ಅನ್‌ನೋನ್ ಆ್ಯಪ್ಸ್’ ಎಂದು ಬರೆದರೆ ಯಾರು ಯಾರಿಗೆ ಅನುಮತಿ ಇದೆ ಎಂಬುದು ಕಾಣುತ್ತದೆ; ಚಾಟ್ ಆ್ಯಪ್ ಮತ್ತು ಬ್ರೌಸರ್ ಎರಡಕ್ಕೂ ಅಲ್ಲಿ ಇಲ್ಲ ಎಂದೇ ಇರಲಿ.