ಕಷ್ಟದ ಬಂದರು ಯೊಪ್ಪ ಬೈಬಲ್‌ನಲ್ಲಿ ಯಾಕಿಷ್ಟು ಮುಖ್ಯ?

ಬೈಬಲ್‌ನಲ್ಲಿ ಯೊಪ್ಪ ಅಂತ ಬರುವ ಊರೇ ಇವತ್ತಿನ ಜಾಫಾ. ಇಸ್ರೇಲ್‌ನ ಟೆಲ್ ಅವೀವ್‌ಗೆ ಅಂಟಿಕೊಂಡೇ ಇದೆ. ನಿಜ ಹೇಳಬೇಕೆಂದರೆ ಹಡಗು ನಿಲ್ಲಿಸೋಕೆ ಇದು ಅಂಥ ಒಳ್ಳೆಯ ಜಾಗವಲ್ಲ. ದಡದ ಮುಂದೆಯೇ ಬಂಡೆಗಳ ಸಾಲು. ರೋಮನ್ನರ ವಿರುದ್ಧದ ದಂಗೆಯ ಕಾಲದಲ್ಲಿ ಇಲ್ಲಿಂದ ಹಡಗು ಹತ್ತಿ ತಪ್ಪಿಸಿಕೊಂಡ ಜನ ಬೆಳಗಿನ ಜೋರು ಗಾಳಿಗೆ ಸಿಕ್ಕರು, ಹಡಗುಗಳು ಒಂದಕ್ಕೊಂದು ಬಡಿದು, ಬಂಡೆಗೆ ಬಡಿದು ಚೂರಾದವು ಅಂತ 1ನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ.

ಹಾಗಿದ್ದರೂ ಹಡಗುಗಳು ಇಲ್ಲಿಗೇ ಯಾಕೆ ಬರುತ್ತಿದ್ದವು? ಬೇರೆ ದಾರಿ ಇರಲಿಲ್ಲ, ಅಷ್ಟೇ. ಆ ಕಡೆಯ ಕರಾವಳಿ ಹೆಚ್ಚುಕಮ್ಮಿ ನೇರವಾದ ಮರಳು ದಂಡೆ. ಸಮುದ್ರಕ್ಕೆ ಚಾಚಿದ ಯೊಪ್ಪದ ಗುಡ್ಡದ ಬುಡದಲ್ಲಿ ಒಂದಿಷ್ಟು ಆಸರೆ ಸಿಗುತ್ತಿತ್ತು, ಯೆರೂಸಲೇಮ್ ಅಲ್ಲಿಂದ ಸುಮಾರು 60 ಕಿ.ಮೀ. ಮಾತ್ರ. ಕ್ರಿ.ಪೂ. 15ನೇ ಶತಮಾನದಲ್ಲಿ ಈಜಿಪ್ಟಿನ ದೊರೆ ಮೂರನೇ ಥುಟ್ಮೋಸ್ ಗೆದ್ದ ಊರುಗಳ ಪಟ್ಟಿಯಲ್ಲೇ ಇದರ ಹೆಸರಿದೆ.

ಇಸ್ರಾಯೇಲಿನ ಅರಸ ಸೊಲೊಮೋನ ಯೆರೂಸಲೇಮಿನಲ್ಲಿ ಕಟ್ಟುತ್ತಿದ್ದ ದೇವಾಲಯಕ್ಕೆ ಬೇಕಾದ ಲೆಬನೋನಿನ ಮರವನ್ನು ತೆಪ್ಪ ಕಟ್ಟಿ ಸಮುದ್ರದ ಮೇಲೆ ಯೊಪ್ಪಕ್ಕೆ ತಲುಪಿಸುತ್ತೇವೆ, ಅಲ್ಲಿಂದ ನೀವು ಯೆರೂಸಲೇಮಿಗೆ ಸಾಗಿಸಿಕೊಳ್ಳಿ ಅಂತ ತೂರಿನ ಅರಸ ಹೀರಾಮ ಹೇಳಿ ಕಳಿಸುತ್ತಾನೆ. ಬಾಬೆಲಿನ ಸೆರೆಯಿಂದ ಮರಳಿದವರು ದೇವಾಲಯವನ್ನು ಮತ್ತೆ ಕಟ್ಟುವಾಗಲೂ ದೇವದಾರು ಬಂದದ್ದು ಇದೇ ದಾರಿಯಲ್ಲಿ.

ಆದರೆ ನನಗೆ ಯೊಪ್ಪ ಅಂದರೆ ಮುಖ್ಯವಾಗಿ ಎರಡು ಪ್ರಯಾಣ. ಮೊದಲನೆಯದು ಪ್ರವಾದಿ ಯೋನನದು. ನಿನೆವೆಗೆ ಹೋಗಿ ಸಾರು ಅಂತ ದೇವರು ಹೇಳಿದರೆ, ಅವನು ಯೊಪ್ಪಕ್ಕೆ ಇಳಿದು, ಕೂಲಿ ಕೊಟ್ಟು, ವಿರುದ್ಧ ದಿಕ್ಕಿನ ತಾರ್ಷೀಷಿಗೆ ಹೊರಟ ಹಡಗು ಹತ್ತಿದ. ಶತ್ರುಗಳ ಊರಿಗೆ ದೇವರ ಮಾತು ಒಯ್ಯೋದು ಅವನಿಗೆ ಸುತರಾಂ ಇಷ್ಟವಿರಲಿಲ್ಲ.

ಶತಮಾನಗಳ ನಂತರ ಅದೇ ಊರಿಗೆ ಯೇಸುವಿನ ಶಿಷ್ಯ ಪೇತ್ರ ಬರುತ್ತಾನೆ. ತೀರಿಹೋಗಿದ್ದ ತಬಿಥಾಳನ್ನು, ಬಡ ವಿಧವೆಯರಿಗೆ ಬಟ್ಟೆ ಹೊಲಿದು ಕೊಡುತ್ತಿದ್ದ ಆ ತಾಯಿಯನ್ನು, ಎಬ್ಬಿಸಿದ್ದು ಇಲ್ಲೇ. ಆಮೇಲೆ ಅವನು ಉಳಿದುಕೊಂಡದ್ದು ಸಮುದ್ರದ ಪಕ್ಕದಲ್ಲಿ, ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಯ ಚರ್ಮದ ಕೆಲಸ, ಮಡಿ ನೋಡುವವರು ದೂರ ಇಡುತ್ತಿದ್ದ ಕಸುಬು. ಆ ಮನೆಯ ಮಾಳಿಗೆಯ ಮೇಲೆ ನಡುಮಧ್ಯಾಹ್ನ ಅವನಿಗೆ ದರ್ಶನವಾಗುತ್ತದೆ: ದೇವರು ಶುದ್ಧ ಮಾಡಿದ್ದನ್ನು ನೀನು ಹೊಲೆ ಅನ್ನಬೇಡ. ಅಷ್ಟರಲ್ಲೇ ಕೈಸರೈಯದಿಂದ ರೋಮನ್ ಶತಾಧಿಪತಿ ಕೊರ್ನೇಲ್ಯನ ಆಳುಗಳು ಬಾಗಿಲಲ್ಲಿ ನಿಂತಿದ್ದರು. ಪೇತ್ರ ಮರುದಿನ ಅವರ ಜೊತೆ ಹೊರಟ. ಯೋನ ಅನ್ಯಜನರಿಂದ, ಅಂದರೆ ಯೆಹೂದಿಗಳಲ್ಲದವರಿಂದ, ತಪ್ಪಿಸಿಕೊಳ್ಳಲು ಬಳಸಿದ ಊರಿನಿಂದಲೇ ಪೇತ್ರ ಅನ್ಯಜನರ ಮನೆಗೆ ನಡೆದ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಪೇತ್ರನನ್ನು ಯೋನನ ಮಗನೇ ಅಂತ ಕರೆಯೋದು ನೆನಪಿದ್ದರೆ ಈ ಭಾಗ ಇನ್ನೂ ಆಳವಾಗಿ ತಟ್ಟುತ್ತದೆ, ಅಲ್ವಾ?

ಅಷ್ಟೊತ್ತಿಗೆ ಬಂದರಿನ ಕಾಲ ಬದಲಾಗಿತ್ತು. ಹೆರೋದ ರಾಜ ಕೈಸರೈಯದಲ್ಲಿ ನೀರೊಳಗೇ ಗಟ್ಟಿಯಾಗುವ ಕಾಂಕ್ರೀಟ್ ಹಾಕಿ ದೊಡ್ಡ ಬಂದರು ಕಟ್ಟಿಸಿದ್ದ. ಆದರೂ ಯೊಪ್ಪ ಸಾಯಲಿಲ್ಲ, ಯೆರೂಸಲೇಮಿನ ಯಾತ್ರಿಕರು ಇಲ್ಲೇ ಇಳಿಯುತ್ತಿದ್ದರು. 19ನೇ ಶತಮಾನದಲ್ಲೂ ಹಡಗು ದೂರದಲ್ಲಿ ನಿಂತು, ಜನರನ್ನು ಹುಟ್ಟು ಹಾಕುವ ದೋಣಿಗಳಲ್ಲಿ ಬಂಡೆಗಳ ನಡುವಿನಿಂದ ದಡಕ್ಕೆ ತರಬೇಕಿತ್ತು. 1892ರಲ್ಲಿ ಇಲ್ಲಿಂದ ಯೆರೂಸಲೇಮಿಗೆ ರೈಲು ಬಂತು, ಜಾಫಾ ಕಿತ್ತಳೆ ಯೂರೋಪಿಗೆ ಹೋಗುತ್ತಿತ್ತು. 1936ರ ಅರಬ್ ಮುಷ್ಕರದಲ್ಲಿ ಬಂದರು ನಿಂತಾಗ ಪಕ್ಕದ ಟೆಲ್ ಅವೀವ್ ತನ್ನದೇ ಬಂದರು ಮಾಡಿಕೊಂಡಿತು. ಕೊನೆಗೆ 1965ರಲ್ಲಿ ದಕ್ಷಿಣಕ್ಕೆ ಅಶ್ದೋದ್ ಬಂದರು ಶುರುವಾದ ಮೇಲೆ ಜಾಫಾದಲ್ಲಿ ಸರಕು ಹಡಗುಗಳ ಕೆಲಸ ಮುಗಿಯಿತು. ಈಗ ಅಲ್ಲಿ ಮೀನುಗಾರರ ದೋಣಿಗಳೂ ಪ್ರವಾಸಿಗರೂ ಇದ್ದಾರೆ.