ಇಲಿಯ ಪಾದದಲ್ಲಿ ಇಳಿದ ಊತ, ಮನುಷ್ಯರ ಮಾತ್ರೆ

ಕಾಲು ಉಳುಕಿದರೆ ಅರಿಶಿನದ ಪಟ್ಟು ಹಾಕುವುದನ್ನು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಊತ ಇಳಿದದ್ದು ಅರಿಶಿನದಿಂದಲೋ, ಎರಡು ದಿನ ಕಾಲಿಗೆ ಸಿಕ್ಕ ವಿಶ್ರಾಂತಿಯಿಂದಲೋ ಎಂಬುದು ಮನೆಯಲ್ಲಿ ತೀರ್ಮಾನವಾಗುವುದಿಲ್ಲ. ಅದಕ್ಕಾಗಿ ಔಷಧ ವಿಜ್ಞಾನಿಗಳು ಆರು ದಶಕಗಳಿಂದ ನೆಚ್ಚಿಕೊಂಡು ಬಂದಿರುವುದು ಪ್ರಯೋಗಾಲಯದ ಬಿಳಿ ಇಲಿಯ ಹಿಂಗಾಲನ್ನು.

1962ರಲ್ಲಿ ಅಮೆರಿಕದ ಮರ್ಕ್ ಕಂಪನಿಯ ಚಾರ್ಲ್ಸ್ ವಿಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಇದು. ಕೆಂಪು ಕಡಲಕಳೆಯಿಂದ ತೆಗೆಯುವ ಕ್ಯಾರಜೀನನ್ ಎಂಬ ಅಂಟು ಪದಾರ್ಥವನ್ನು (ಐಸ್ ಕ್ರೀಮ್ ಗಟ್ಟಿಯಾಗಲು ಬೆರೆಸುವುದೂ ಇದನ್ನೇ) ಶೇಕಡ 1ರ ದ್ರಾವಣ ಮಾಡಿ, ಸಾಮಾನ್ಯವಾಗಿ 0.1 ಮಿಲಿಲೀಟರಿನಷ್ಟನ್ನು ಅಂಗಾಲಿನ ಚರ್ಮದಡಿಗೆ ಚುಚ್ಚುತ್ತಾರೆ. ಪರೀಕ್ಷಿಸಬೇಕಾದ ಗಿಡಮೂಲಿಕೆಯ ಸಾರವನ್ನು ಒಂದು ಗಂಟೆ ಮೊದಲೇ ಕುಡಿಸಿರುತ್ತಾರೆ. ಕಾಲಿನ ಗಿಣ್ಣಿನ ಬಳಿ ಶಾಯಿಯ ಗೆರೆ ಎಳೆದು, ಪ್ರತಿ ಸಲವೂ ಅಲ್ಲಿಯವರೆಗೇ ಪಾದವನ್ನು ಪ್ಲೆಥಿಸ್ಮೋಮೀಟರಿನ ಕೊಳವೆಯಲ್ಲಿ ಅದ್ದಿ, ದ್ರವ ಎಷ್ಟು ಮೇಲೇರಿತು ಎಂದು ಐದು ಗಂಟೆಯವರೆಗೆ ಗಂಟೆಗಂಟೆಗೂ ಬರೆದುಕೊಳ್ಳುತ್ತಾರೆ. ಮೊದಲೆಲ್ಲ ಆ ಕೊಳವೆಯಲ್ಲಿ ಪಾದರಸ ಇರುತ್ತಿತ್ತು. ಔಷಧವಿಲ್ಲದ ಇಲಿಗಳ ಪಾದ ಸರಾಸರಿ 0.80 ಮಿಲಿಲೀಟರ್ ಉಬ್ಬಿ, ಸಾರ ಕುಡಿದವುಗಳದ್ದು 0.48 ಮಾತ್ರ ಉಬ್ಬಿದರೆ ‘ಶೇಕಡ 40ರಷ್ಟು ತಡೆ’ ಎಂದು ಲೆಕ್ಕ.

ದೇಹವೇ ಹೊರಡಿಸುವ ಬೇರೆ ಬೇರೆ ರಾಸಾಯನಿಕಗಳು ಸರದಿಯಂತೆ ಎಬ್ಬಿಸುವ ಈ ಊತಕ್ಕೆ ತನ್ನದೇ ಆದ ವೇಳಾಪಟ್ಟಿ ಇದೆ. ಮೊದಲ ಗಂಟೆ, ಒಂದೂವರೆ ಗಂಟೆ ಹಿಸ್ಟಮಿನ್ ಮತ್ತು ಸೆರೊಟೋನಿನ್‌ಗಳ ಕಾಲ, ಆಮೇಲೆ ಕೈನಿನ್‌ಗಳು, ಸುಮಾರು ಎರಡೂವರೆ ಗಂಟೆಯ ನಂತರ ಪ್ರೊಸ್ಟಗ್ಲಾಂಡಿನ್‌ಗಳ ಕೈ ಮೇಲಾಗುತ್ತದೆ. ಆಸ್ಪಿರಿನ್ ತಡೆಯುವುದು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ಎಂದು ಬ್ರಿಟಿಷ್ ಔಷಧ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. ಹಾಗಾಗಿ ಒಂದು ಸಾರ ಮೂರನೆಯ ಗಂಟೆಯ ನಂತರವಷ್ಟೇ ಊತ ಇಳಿಸಿದರೆ, ಅದು ಯಾವ ದಾರಿಯಲ್ಲಿ ಕೆಲಸ ಮಾಡುತ್ತಿರಬಹುದು ಎಂಬ ಸುಳಿವು ಸಿಗುತ್ತದೆ. ಒಂದೇ ಶೇಕಡಾವಾರು ಅಂಕಿಯನ್ನು ಎತ್ತಿ ಹೇಳುವ ವರದಿಗಳು ಈ ಬೆಲೆಬಾಳುವ ಸುಳಿವನ್ನೇ ಬಿಟ್ಟುಬಿಡುತ್ತವೆ.

ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಶ್ರೀಮಲ್ ಮತ್ತು ಧವನ್ 1973ರಲ್ಲಿ ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನನ್ನು ಈ ಪರೀಕ್ಷೆಗೆ ಒಡ್ಡಿದರು. ಅದು ಆಗ ಬಳಕೆಯಲ್ಲಿದ್ದ ಫಿನೈಲ್‌ಬ್ಯುಟಜೋನ್ ಎಂಬ ಔಷಧಕ್ಕೆ ಹೆಚ್ಚುಕಡಿಮೆ ಸಮನಾಗಿ ನಿಂತಿತು. ಆದರೆ ದಿನಗಟ್ಟಲೆ ಉಳಿಯುವ ದೀರ್ಘಕಾಲದ ಉರಿಯೂತದ ಪ್ರಯೋಗಗಳಲ್ಲಿ ಅದರ ಶಕ್ತಿ ಅರ್ಧಕ್ಕೆ ಇಳಿಯಿತು. ಆ ಪ್ರಬಂಧದಲ್ಲಿ ನನಗೆ ಮೆಚ್ಚುಗೆಯಾಗುವುದು ಈ ಎರಡನೆಯ ಮಾತು. ಮಂಡಿನೋವಿನವರು ಕೇಳುವುದು ಐದು ಗಂಟೆಯ ಊತದ ಬಗ್ಗೆ ಅಲ್ಲವಲ್ಲ.

ಮೋಸ ಹೋಗಲು ಇಲ್ಲಿ ಇನ್ನೊಂದು ದಾರಿಯೂ ಇದೆ. ಸಾರವನ್ನು ಕುಡಿಸದೆ ಹೊಟ್ಟೆಯ ಪೊರೆಯೊಳಗೆ ಚುಚ್ಚಿದರೆ, ಅದು ಅಲ್ಲಿ ಕೆರಳಿಕೆ ಉಂಟುಮಾಡಿದರೂ ಸಾಕು, ಪಾದದ ಊತ ಕಡಿಮೆಯಾಗಬಹುದು. ದೇಹದಲ್ಲಿ ಒಂದು ಕಡೆ ಕೆರಳಿದರೆ ಮತ್ತೊಂದು ಕಡೆಯ ಉರಿಯೂತ ತಗ್ಗುವುದು ಬಹಳ ಹಿಂದೆಯೇ ಗೊತ್ತಾಗಿರುವ ಸಂಗತಿ. ನೊರೆ ಬರಿಸುವ, ಕೆರಳಿಸುವ ಗುಣದ ಸಪೋನಿನ್ ತುಂಬಿದ ಎಷ್ಟೋ ಗಿಡಗಳ ಕಚ್ಚಾ ಸಾರ ಹೀಗೆ ಔಷಧದಂತೆ ಕಂಡುಬಿಡಬಹುದು. ಆದ್ದರಿಂದ ಯಾವ ಮಾರ್ಗದಿಂದ ಕೊಟ್ಟರು ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಎರಡನೆಯದಾಗಿ ನೋಡುವುದು ಪ್ರಮಾಣ. ಗಿಡಮೂಲಿಕೆಗಳ ಪ್ರಬಂಧಗಳಲ್ಲಿ ಇಲಿಯ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಎಂಬುದು ತೀರಾ ಸಾಮಾನ್ಯ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಲು 6.2ರಿಂದ ಭಾಗಿಸುವುದು ರೂಢಿ. ಹಾಗೆ ಮಾಡಿದರೆ 60 ಕಿಲೋ ತೂಗುವವರು ನುಂಗಬೇಕಾದ ಸಾರ ಸುಮಾರು 3.9 ಗ್ರಾಂ, ಅಂದರೆ 500 ಮಿಲಿಗ್ರಾಮಿನ ಎಂಟು ಕ್ಯಾಪ್ಸೂಲ್!

ನುಂಗಿದ್ದೆಲ್ಲ ರಕ್ತ ಸೇರುವುದೂ ಇಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ ಬಂದ ಅಧ್ಯಯನದಲ್ಲಿ, ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ಅದು ರಕ್ತದಲ್ಲಿ ಸಿಗಲಿಲ್ಲ, ಸಿಕ್ಕರೂ ಅತ್ಯಲ್ಪ. ಅಡುಗೆಮನೆಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇಕಡ 3ರಷ್ಟೇ ಇರುವುದರಿಂದ 2 ಗ್ರಾಂ ಎಂದರೆ ಅರವತ್ತು ಗ್ರಾಮಿಗೂ ಮಿಕ್ಕಿದ ಪುಡಿ. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತದಲ್ಲಿ ಕರ್ಕ್ಯುಮಿನ್ ಲಭ್ಯತೆ ಶೇಕಡ 2000ದಷ್ಟು ಏರಿತು. ಅದೇ ಅಧ್ಯಯನದ ಇಲಿಗಳಲ್ಲಿ ಏರಿದ್ದು ಶೇಕಡ 154 ಮಾತ್ರ. ಇಲಿಯ ಕರುಳು, ಯಕೃತ್ತುಗಳ ನಡವಳಿಕೆ ನಮ್ಮದಲ್ಲ ಎನ್ನಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಬೇರೆ ಕಂಡಿಲ್ಲ.

ಪೈಪರಿನ್ ಇದನ್ನು ಸಾಧಿಸುವುದು ಕರ್ಕ್ಯುಮಿನನ್ನು ಬೇಗ ವಿಸರ್ಜನೆಗೆ ಸಿದ್ಧಪಡಿಸುವ ಯಕೃತ್ತಿನ ಮತ್ತು ಕರುಳಿನ ಕಿಣ್ವಗಳನ್ನು ತಡೆದು. ಬೇರೆ ಎಷ್ಟೋ ಔಷಧಗಳನ್ನು ನಿಭಾಯಿಸುವುದೂ ಅಂಥ ಕಿಣ್ವಗಳೇ. ಅರಿಶಿನದ ಪೂರಕ ಮಾತ್ರೆಗಳನ್ನು, ಅದರಲ್ಲೂ ಪೈಪರಿನ್ ಬೆರೆಸಿದವನ್ನು ತೆಗೆದುಕೊಂಡು ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಇಟಲಿಯಿಂದಲೂ ಅಮೆರಿಕದಿಂದಲೂ ವರದಿಯಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ವಿಷಯ ಬೇರೆ. ಆದರೆ ದಿನವೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರು ಇಂಥ ಪೂರಕದ ಡಬ್ಬಿ ಕೊಳ್ಳುವ ಮುನ್ನ ಅದನ್ನು ತಮ್ಮ ವೈದ್ಯರಿಗೆ ತೋರಿಸಲೇಬೇಕು. ಐದು ಗಂಟೆಯ ಆ ಪಾದದ ಪರೀಕ್ಷೆಯಲ್ಲಿ ಯಕೃತ್ತನ್ನು ಯಾರೂ ನೋಡಿರುವುದಿಲ್ಲ.