ಬಾಗಿಲ ಕಿಂಡಿಯಲ್ಲಿ ಸೋರುವ ಬಾಸ್

ಹೋದ ವೈಶಾಖದಲ್ಲಿ ದಾವಣಗೆರೆಯ ಹದಡಿ ರಸ್ತೆಯ ಕಲ್ಯಾಣ ಮಂಟಪವೊಂದರ ಮುಂದೆ ಎಂಜಿನ್ನೂ ಬ್ಯಾಟರಿ ಮೋಟಾರೂ ಎರಡೂ ಇರುವ ನಮ್ಮ ಭಾವನ ಹೊಸ ಹೈಬ್ರಿಡ್ ಕಾರು ಮೊಂಡು ಹಿಡಿದು ನಿಂತುಬಿಟ್ಟಿತು. ಆರತಕ್ಷತೆ ಮುಗಿಯುವ ತನಕ ಹುಡುಗರು ಅದರೊಳಗೆ ಕೂತು, ಎರಡು ಬಾಗಿಲು ತೆಗೆದಿಟ್ಟು, ಮಂಡಕ್ಕಿ-ಮಿರ್ಚಿ ತಿನ್ನುತ್ತ ಎರಡೂವರೆ ಗಂಟೆ ಹಾಡು ಹಾಕಿದ್ದರು. ಭಾವ ಬಂದು ಗುಂಡಿ ಒತ್ತಿದರೆ ಪರದೆ ಒಮ್ಮೆ ಮಿಣುಕಿ ಕಪ್ಪಾಯಿತು. ಒಳಗೆಲ್ಲೋ ಟಿಕ್ ಟಿಕ್ ಟಿಕ್.

"ತಳ್ಳೋಣು ಬರ್ರಿ" ಎಂದು ನಾಲ್ಕು ಜನ ತೋಳೇರಿಸಿಕೊಂಡು ಬಂದರು. ಅದು ತಳ್ಳಿದರೆ ಸ್ಟಾರ್ಟ್ ಆಗುವ ಜಾತಿಯಲ್ಲ. "ಅಷ್ಟು ದೊಡ್ಡ ಬ್ಯಾಟ್ರಿ ಐತಿ ಅಂತ ಲಕ್ಷಗಟ್ಟಲೆ ಜಾಸ್ತಿ ಕೊಟ್ಟು ತಂದೀನಿ, ನಾಲ್ಕು ಹಾಡಿಗೆ ಸತ್ತುಹೋಯ್ತಾ?" ಎಂದು ಭಾವ ಹಣೆ ಚಚ್ಚಿಕೊಂಡರು.

ದೊಡ್ಡ ಬ್ಯಾಟರಿ ಸತ್ತಿರಲಿಲ್ಲ, ತುಂಬಿಕೊಂಡೇ ಇತ್ತು. ಇಂಥ ಕಾರಿನ ಹೊಟ್ಟೆಯಲ್ಲಿ ಬ್ಯಾಟರಿ ಎರಡು. ಚಕ್ರ ತಿರುಗಿಸುವುದು ಒಂದು. 1997ರಲ್ಲಿ ಜಪಾನಿನ ರಸ್ತೆಗೆ ಇಳಿದ ಟೊಯೊಟಾ ಪ್ರಿಯಸ್‌ನ ಎರಡನೇ ಪೀಳಿಗೆಯಲ್ಲಿ 1.2 ವೋಲ್ಟಿನ 168 ಕೋಶಗಳನ್ನು ಸಾಲಾಗಿ ಜೋಡಿಸಿ 201.6 ವೋಲ್ಟ್ ಮಾಡಿದ್ದರು. ಇನ್ನೊಂದು ನಮ್ಮ ಹಳೇ ಪರಿಚಯದ 12 ವೋಲ್ಟಿನದು. ಹೈಬ್ರಿಡ್‌ನಲ್ಲಿ ಎಂಜಿನ್ ಎಬ್ಬಿಸುವ ಭಾರದ ಕೆಲಸ ಇದಕ್ಕಿಲ್ಲವಾದ್ದರಿಂದ ಇದನ್ನು ಚಿಕ್ಕದಾಗಿಯೇ ಇಡುತ್ತಾರೆ. ಕಂಪ್ಯೂಟರುಗಳನ್ನು ಎಚ್ಚರಿಸಿ, ದೊಡ್ಡ ಬ್ಯಾಟರಿಯ ರಿಲೇ ಎಂಬ ಸ್ವಿಚ್ಚು ಹಾಕಿ ಸಂಪರ್ಕ ಕೊಟ್ಟರೆ ಅದರ ಕೆಲಸ ಮುಗಿಯಿತು. ಆದರೆ ಆ ಕೆಲಸ ಮಾಡಲು ಅದೇ ಬೇಕು. ಸೂಳೆಕೆರೆ ಕೋಡಿ ಬಿದ್ದಿದ್ದರೂ ತೂಬು ಎತ್ತುವವನು ಊರಲ್ಲಿಲ್ಲದಿದ್ದರೆ ಗದ್ದೆಗೆ ನೀರು ಹರಿಯುವುದಿಲ್ಲವಲ್ಲ, ಹಾಗೆ.

ಹಾಡು, ಪರದೆ, ಫ್ಯಾನು, ಒಳದೀಪ ಎಲ್ಲ ನಡೆಯುವುದು ಈ ಚಿಕ್ಕದರಿಂದಲೇ. ಡ್ಯಾಶ್‌ಬೋರ್ಡಿನಲ್ಲಿ 'ರೆಡಿ' ದೀಪ ಹತ್ತಿದ್ದರೆ ಡಿಸಿ-ಡಿಸಿ ಕನ್ವರ್ಟರ್ ಎಂಬ ಪೆಟ್ಟಿಗೆ ದೊಡ್ಡದರಿಂದ ಚಿಕ್ಕದಕ್ಕೆ ತುಂಬುತ್ತಲೇ ಇರುತ್ತದೆ. ಹುಡುಗರು ರೆಡಿಗೆ ಹಾಕಿರಲಿಲ್ಲ. 40 ಆಂಪಿಯರ್-ಗಂಟೆಯ ಬ್ಯಾಟರಿಯಿಂದ 15 ಆಂಪಿಯರ್‌ನಂತೆ ಎರಡೂವರೆ ಗಂಟೆ ಎಳೆದರೆ ಏನು ಉಳಿದೀತು ನೀವೇ ಲೆಕ್ಕ ಹಾಕಿ. ಬೈಕಿನ ಬ್ಯಾಟರಿಯಿಂದ ಒಂದು ಗುಕ್ಕು ಕರೆಂಟು ಕೊಟ್ಟಿದ್ದಕ್ಕೇ ಕಾರು ಎದ್ದಿತು.

ಅಷ್ಟಾದರೂ ಭಾವನಿಗೆ ಬುದ್ಧಿ ಬರಲಿಲ್ಲ. ಕಂಪನಿ ಸೌಂಡು ಸಪ್ಪೆ, ಸಾವಿರ ವ್ಯಾಟಿನದು ಹಾಕಿಸಬೇಕು ಎಂದು ಹಟ. ಹಳೇ ಪಿ.ಬಿ. ರಸ್ತೆಯ ಕಡೆ ಒಬ್ಬ ಹುಡುಗನಿದ್ದಾನೆ, ಇಂಥ ಕೆಲಸದಲ್ಲಿ ಪಳಗಿದವನು. ಅವನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು.

ಈ ವ್ಯಾಟ್ ಎಂಬುದರಲ್ಲಿ ಎಷ್ಟು ಗಾಳಿ ತುಂಬಿರುತ್ತದೆ ನೋಡಿ. ಸ್ಟೀರಿಯೋ ಡಬ್ಬಿಯ ಮೇಲೆ '50 ವ್ಯಾಟ್ x 4' ಎಂದು ಬರೆದಿರುತ್ತದೆ. ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಸ್ಪೀಕರಿನ ತಡೆ 4 ಓಮ್. ಶುದ್ಧ ಸ್ವರದ ಅಲೆ ಈ ವೋಲ್ಟಿನೊಳಗೆ ಏರಿಳಿದರೆ ಹುಟ್ಟುವುದು 26 ವ್ಯಾಟ್, ಅದೂ ಕಾಗದದ ಮೇಲೆ. ಹಾಗಾದರೆ 50 ಎಲ್ಲಿಂದ ಬಂತು? ಅಲೆಯ ತಲೆ ಕತ್ತರಿಸಿ ಚೌಕ ಮಾಡಿದರೆ 14.4ರ ವರ್ಗವನ್ನು 4ರಿಂದ ಭಾಗಿಸಿ ಸುಮಾರು 52 ಬರುತ್ತದೆ. ಆಗ ಕೇಳಿಸುವುದು ಹಾಡಲ್ಲ, ಗರಗರ. ಇದನ್ನು ಸುಳ್ಳು ಎನ್ನಲಾಗದು, ಆದರೆ ಸಂತೆಯ ತೂಕ.

ನಿಜವಾದ ಸಾವಿರ ವ್ಯಾಟ್ ಬೇಕೆಂದರೆ, ಕರೆಂಟು ಕಡಿಮೆ ಪೋಲು ಮಾಡುವ, ಶೇಕಡಾ 80 ದಕ್ಷತೆಯ 'ಡಿ ಕ್ಲಾಸ್' ಆಂಪ್ಲಿಫೈಯರ್ ಕೂಡ ಗರಿಷ್ಠ ಹೊಡೆತದಲ್ಲಿ 90 ಆಂಪಿಯರ್ ಎಳೆಯುತ್ತದೆ. ಆ ಡಿಸಿ-ಡಿಸಿ ಪೆಟ್ಟಿಗೆಯ ಒಟ್ಟು ತಾಕತ್ತೇ ಸಾಮಾನ್ಯವಾಗಿ ನೂರರ ಆಸುಪಾಸು. ಅದರಲ್ಲಿ ಹೆಡ್‌ಲೈಟು, ವೈಪರು, ನೂರೆಂಟು ಕಂಪ್ಯೂಟರು ಎಲ್ಲ ಬಾಳಬೇಕು.

ಇಷ್ಟು ಖರ್ಚು ಮಾಡಿದರೂ ಕಿವಿ ಒಪ್ಪಬೇಕಲ್ಲ. ವ್ಯಾಟ್ ಎರಡರಷ್ಟಾದರೆ ಶಬ್ದ ಏರುವುದು 3 ಡೆಸಿಬೆಲ್. ಹೌದೋ ಅಲ್ಲವೋ ಎನ್ನುವಷ್ಟು. 'ಈಗ ಎರಡು ಪಟ್ಟು ಜೋರಾಯ್ತು' ಅನ್ನಿಸಬೇಕಾದರೆ 10 ಡೆಸಿಬೆಲ್ ಏರಬೇಕು, ಎಂದರೆ ಹತ್ತು ಪಟ್ಟು ವ್ಯಾಟ್.

ಅಂಗಡಿಯ ಹುಡುಗನಿಗೆ ಈ ಲೆಕ್ಕವೆಲ್ಲ ಕೈಯಲ್ಲಿ ಗೊತ್ತು. "ವ್ಯಾಟ್ ಇರ್ಲಿ ಬಿಡ್ರಿ ಸಾರ್. ಸಿಗ್ನಲ್‌ನ್ಯಾಗ ನಿಂತಾಗ ಹಾಡು ಚಲೋ ಕೇಳ್ತೈತಿ ಹೌದಲ್ರೀ?" ಎಂದ. ಭಾವ ಯೋಚಿಸಿ ಹೌದೆಂದರು. ಜಯದೇವ ಸರ್ಕಲ್‌ನಲ್ಲಿ ಎಂಜಿನ್ ತಾನಾಗಿ ಆರಿದ ಗಳಿಗೆಯಲ್ಲಿ ಯಾರೋ ವಾಲ್ಯೂಮ್ ಏರಿಸಿದಂತಾಗುತ್ತಿತ್ತಂತೆ. ಏರಿಸಿದವರು ಯಾರೂ ಇಲ್ಲ. ಎಂಜಿನ್ನಿನ ಮತ್ತು ಟೈರಿನ ಗುಡುಗುಡು ಇರುವುದು ಬಾಸ್ ಎನ್ನುವ ಕೆಳಸ್ವರಗಳ ಜಾಗದಲ್ಲೇ. ಆ ಗದ್ದಲ ಅದೇ ಜಾಗದ ಹಾಡನ್ನು ನುಂಗುವುದಲ್ಲದೆ ಮೇಲಿನ ಸ್ವರಗಳಿಗೂ ಮುಸುಕು ಹಾಕುತ್ತದೆ. ಕಾರಿನೊಳಗಿನ ಗದ್ದಲ 3 ಡೆಸಿಬೆಲ್ ಇಳಿದರೆ ಕಿವಿಯ ಪಾಲಿಗೆ ಆಂಪ್ಲಿಫೈಯರಿನ ವ್ಯಾಟ್ ಎರಡರಷ್ಟಾದ ಹಾಗೆ. ಅರ್ಧ ದಾರಿ ಎಂಜಿನ್ ಆರಿಸಿಕೊಂಡು ಓಡುವ ಗಾಡಿಯಲ್ಲಿ ವ್ಯಾಟಿಗಿಂತ ಗದ್ದಲ ಇಳಿಸಲು ಹಾಕಿದ ದುಡ್ಡು ಹೆಚ್ಚು ದುಡಿಯುತ್ತದೆ.

ಅವನ ಪರೀಕ್ಷೆ ನನಗೆ ಬಹಳ ಹಿಡಿಸಿತು. ಬಾಗಿಲಿನ ಕೈಯೂರುವ ಪಟ್ಟಿಯ ಮೇಲೆ ಒಂದು ಹಿಡಿ ಮಂಡಕ್ಕಿ ಹರಡಿ, ಫೋನಿನಿಂದ 50 ಹರ್ಟ್ಸ್‌ನ, ಎಂದರೆ ಸೆಕೆಂಡಿಗೆ 50 ಸಲ ಅದುರುವ, ಸ್ವರ ಬಿಟ್ಟ. ಮಂಡಕ್ಕಿ ಭಟ್ಟಿಯ ಬಾಣಲೆಗೆ ಬಿದ್ದ ಹಾಗೆ ಕುಣಿಯತೊಡಗಿತು. ಅದು ಕುಣಿಯಬೇಕಾದರೆ ಪಟ್ಟಿಯ ಅಲುಗಾಟದ ವೇಗೋತ್ಕರ್ಷ ಗುರುತ್ವವನ್ನು ಮೀರಬೇಕು. 50 ಹರ್ಟ್ಸ್‌ನಲ್ಲಿ ಅದಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು, ನೋಟ್‌ಬುಕ್ಕಿನ ಹಾಳೆಯ ದಪ್ಪದಷ್ಟು ಅದುರಿದರೆ ಸಾಕು. ಸ್ಪೀಕರಿನ ಶ್ರಮ ಗಾಳಿ ಅಲುಗಿಸುವ ಬದಲು ಬಾಗಿಲು ಅಲುಗಿಸಲು ಹೋಗುತ್ತಿತ್ತು.

ಒಳಹೊದಿಕೆ ಬಿಚ್ಚಿದರೆ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ಕಿಂಡಿಗಳು, ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ. ಸ್ಪೀಕರಿನ ಕೋನ್ ಮುಂದೆ ತಳ್ಳಿದಾಗ ಎದುರು ಗಾಳಿ ಒತ್ತಿಕೊಳ್ಳುತ್ತದೆ, ಬೆನ್ನ ಹಿಂದೆ ಸಡಿಲವಾಗುತ್ತದೆ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್. ಅದರ ಮುಂದೆ ಒಂದು ಗೇಣಿನ ಕಿಂಡಿ ಯಾವ ದೂರ? ಬೆನ್ನಿನ ಗಾಳಿ ಅದರಲ್ಲಿ ನುಸುಳಿ ಬಂದು ಎದುರಿನದನ್ನು ಅಳಿಸಿಹಾಕುತ್ತದೆ. ಒತ್ತೂ ಕಳೆಯೂ ಸೇರಿ ಸೊನ್ನೆ. ಹುಡುಗ ಕಿಂಡಿಗಳನ್ನು ಮುಚ್ಚಿ, ತಗಡಿಗೆ ಅಲ್ಯೂಮಿನಿಯಂ ಮೆತ್ತಿದ ಬ್ಯುಟೈಲ್ ರಬ್ಬರಿನ ಶೀಟು ಅಂಟಿಸಿ, ಮರದ ಸೌಟಿನ ಹಿಡಿಯಂಥದ್ದರಿಂದ ಉಜ್ಜಿ ಉಜ್ಜಿ ಕೂರಿಸಿದ. ಬಾಗಿಲ ಅಡಿಯ ಮಳೆನೀರು ಹೋಗುವ ತೂತುಗಳನ್ನು ಮಾತ್ರ ಮುಟ್ಟಲಿಲ್ಲ. ಅವು ಮುಚ್ಚಿದರೆ ಬಾಗಿಲು ಒಳಗೊಳಗೇ ತುಕ್ಕು. ಪಕ್ಕದ ಏರ್‌ಬ್ಯಾಗಿನ ಒತ್ತಡ ಸೆನ್ಸರ್ ಬಾಗಿಲೊಳಗೇ ಇರುವ ಕಾರುಗಳೂ ಉಂಟು, ಅದನ್ನು ಮೊದಲೇ ನೋಡಿಕೊಂಡಿದ್ದ. ಮತ್ತೆ ಅದೇ ವಾಲ್ಯೂಮಿನಲ್ಲಿ ಅದೇ ಸ್ವರ. ಮಂಡಕ್ಕಿ ಮಿಸುಕಲಿಲ್ಲ, ಎದೆಗೆ ಮಾತ್ರ ಗುಮ್ಮೆಂದು ಬಡಿಯಿತು.

ಹಿಂದಿನ ಸೀಟಿನ ಪಕ್ಕದಲ್ಲಿ ಜಾಲರಿಯಂಥ ಕಿಂಡಿಯೊಂದಿತ್ತು. ಭಾವ ಅದರೆದುರೇ ಬಾಸ್ ನುಡಿಸುವ ವುಫರ್ ಪೆಟ್ಟಿಗೆ ಇಡಿಸಲು ಹೊರಟಿದ್ದರು. ಅದು ದೊಡ್ಡ ಬ್ಯಾಟರಿ ಉಸಿರಾಡುವ ಮೂಗು. ಅದನ್ನು ಮುಚ್ಚಿದರೆ ಏಪ್ರಿಲ್ ಬಿಸಿಲಿಗೆ ಬ್ಯಾಟರಿ ಬೇಯುತ್ತದೆ. ಕಿತ್ತಳೆ ಬಣ್ಣದ ವೈರಿನ ಹತ್ತಿರಕ್ಕಂತೂ ಹುಡುಗ ಇಕ್ಕಳವನ್ನೇ ಒಯ್ಯಲಿಲ್ಲ. ಅದರಲ್ಲಿ ಹರಿಯುವುದು ಪ್ರಾಣ ತೆಗೆಯುವ ವೋಲ್ಟ್. ಆಂಪ್ಲಿಫೈಯರಿನ ಪವರ್ ವೈರು ಒಂದು ಪಕ್ಕದಲ್ಲಿ, ಹಾಡಿನ ವೈರು ಇನ್ನೊಂದು ಪಕ್ಕದಲ್ಲಿ ಓಡಿಸಿದ. ಸೆಕೆಂಡಿಗೆ ಸಾವಿರಾರು ಸಲ ಆರಿ ಹತ್ತುತ್ತ ದೊಡ್ಡ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಒಗ್ಗಿಸುವ ಇನ್ವರ್ಟರಿನ ಕುಂಯ್‌ಗುಟ್ಟುವಿಕೆ ಹಾಡಿನೊಳಗೆ ನುಸುಳದಿರಲೆಂದು.

ಕೊನೆಯ ಕೆಲಸ ಫೋನಿನಲ್ಲಿ. ಡ್ರೈವರಿಗೆ ಬಲಗಡೆಯ ಸ್ಪೀಕರ್ ಹತ್ತಿರ, ಎಡಗಡೆಯದು ಅದಕ್ಕಿಂತ 70 ಸೆಂಟಿಮೀಟರಿನಷ್ಟು ದೂರ. ಬಲಗಡೆಯ ಶಬ್ದ 2 ಮಿಲಿಸೆಕೆಂಡ್ ಮೊದಲು ತಲುಪುತ್ತದೆ, ಮೊದಲು ಬಂದವನ ಕಡೆಗೇ ಮಿದುಳು ವಾಲುತ್ತದೆ. ಬಲದ ಸ್ಪೀಕರನ್ನು ಅಷ್ಟೇ ತಡ ಮಾಡಿಸಿದಾಗ, ಬಾಗಿಲ ಸಂದಿಯಲ್ಲಿ ಕೂತು ಹಾಡುತ್ತಿದ್ದ ಗಾಯಕಿ ಎದ್ದು ಡ್ಯಾಶ್‌ಬೋರ್ಡಿನ ಮೇಲೆ ಬಂದಳು. ಪಕ್ಕದ ಸೀಟಿನ ಅಕ್ಕನಿಗೆ ಮಾತ್ರ ಈಗ ಮೊದಲಿಗಿಂತ ಓರೆ ಕೇಳುತ್ತದೆ. ಅದಕ್ಕೆ ಪರಿಹಾರವಿಲ್ಲ, ಭಾವ ಅದನ್ನು ಅವಳಿಗೆ ಹೇಳಲೂ ಇಲ್ಲ.

ಮುಂದಿನ ಭಾನುವಾರ ಚಿತ್ರದುರ್ಗಕ್ಕೆ ಹೊರಟೆವು. ಭರಮಸಾಗರ ದಾಟಿ ಒಂದು ಇಳಿಜಾರಿನಲ್ಲಿ ಎಂಜಿನ್ ಆರಿತು, ತಂಬೂರಿಯ ಎಳೆ ಎಳೆಯೂ ಬಿಡಿಬಿಡಿಯಾಗಿ ಕೇಳಿತು. ಅದರ ನಡುವೆ ಒಂದು ಚಿಟಿಚಿಟಿ. ಭಾವ ಗಾಡಿ ಪಕ್ಕಕ್ಕೆ ಹಾಕಿ ಬಾಗಿಲಿಗೆ ಕಿವಿ ಕೊಟ್ಟರು. ಕಿಟಕಿ ಗುಂಡಿಯ ಸಂದಿಯಲ್ಲಿ ಒಂದೇ ಒಂದು ಕಾಳು ಮಂಡಕ್ಕಿ ಸಿಕ್ಕಿಕೊಂಡಿತ್ತು.